ಫೇವೈಲ್ಡ್ ಪುಸ್ತಕ ಕೊಳ್ಳುವ ಮೊದಲು ನಮ್ಮ ಭಾವನ ಕಥೆ ಕೇಳಿ

ಡಿ ಅಂಡ್ ಡಿ ಆಟದ ಫೇವೈಲ್ಡ್ ಬಗ್ಗೆ ಒಂದು ದಪ್ಪ ಸಪ್ಲಿಮೆಂಟ್, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಪುಸ್ತಕ, ಕೊಂಡೆ. ದುಡ್ಡು ಹೋಯಿತು. ಹದಿನಾಲ್ಕು ತಿಂಗಳಿಂದ ಕಂತು ಕಂತಾಗಿ ನಡೆಸಿಕೊಂಡು ಬಂದ ಆಟದ ಕಥೆ, ನಮ್ಮ ಕ್ಯಾಂಪೇನ್, ಒಂದೇ ಸಂಜೆಯಲ್ಲಿ ಮಕಾಡೆ ಮಲಗಿತು. ಭಾವ ಮೂರು ವಾರ ನನ್ನ ಜೊತೆ ಮಾತು ಬಿಟ್ಟರು. ಪ್ರಕಾಶಕರ ಹೆಸರು ಹೇಳುವುದಿಲ್ಲ. ಇಂಥ ಪುಸ್ತಕ ಮಾಡುವವರು ಅವರೊಬ್ಬರೇ ಅಲ್ಲ, ಹೆಸರು ಹೇಳಿದರೆ ನೀವು ಅದೊಂದನ್ನು ಬಿಟ್ಟು ಅದರ ತಮ್ಮನನ್ನು ಕೊಂಡು ತರುತ್ತೀರಿ.

ಡಿ ಅಂಡ್ ಡಿ ಆಡದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಕಟ್ಟುವ ಆಟ. ಕಥೆ ನಡೆಸುವವರು ಡಿಎಂ, ನಮ್ಮಲ್ಲಿ ಅದು ನಾನು. ಫೇವೈಲ್ಡ್ ಅಂದರೆ ನಮ್ಮ ಲೋಕದ ಬೆನ್ನಿಗೇ ಅಂಟಿಕೊಂಡಿರುವ ಇನ್ನೊಂದು ಲೋಕ. ಕಾಡು, ಬಣ್ಣ, ಹಾಡು, ಮಾತಿನಲ್ಲೇ ಸಿಕ್ಕಿಸಿ ಹಾಕುವ ಫೇ ಅನ್ನುವ ಮಾಯಾವಿ ಜನ. 2008ರ ನಾಲ್ಕನೇ ಆವೃತ್ತಿಯಲ್ಲಿ ಈ ಹೆಸರು ಆಟಕ್ಕೆ ಬಂತು. ಬೇರು ಮಾತ್ರ ಸ್ಕಾಟ್ಲೆಂಡ್, ಐರ್ಲೆಂಡಿನ ಹಳೇ ಕಥೆಗಳಲ್ಲಿದೆ.

ನಾನು ಈ ಪುಸ್ತಕಕ್ಕೆ ಬಿದ್ದಿದ್ದು ಚಿತ್ರ ನೋಡಿ. ಕ್ರೌಡ್‌ಫಂಡಿಂಗ್ ಪುಟದಲ್ಲಿ ನಾಲ್ಕು ಪುಟದ ಮಾದರಿ ಇಟ್ಟಿದ್ದರು. ಅಣಬೆಯ ಅರಮನೆ, ಜಿಂಕೆ ಕೊಂಬಿನ ರಾಣಿ, ನೋಡುತ್ತಾ ಕೂತುಬಿಡಬೇಕು. 320 ಪುಟ, ‘5ಇಗೆ ಹೊಂದುತ್ತದೆ’ ಅಂತ ದೊಡ್ಡ ಅಕ್ಷರ (5ಇ ಅಂದರೆ ಆಟದ ಐದನೇ ಆವೃತ್ತಿ). ಸಾಗಣೆ, ಸುಂಕ, ಕೊರಿಯರ್‌ನವರ ಚಾರ್ಜು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಬಂತು. ಆಮೇಲೆ ಗೊತ್ತಾಯಿತು, ಮಾದರಿಗೆ ಹಾಕಿದ್ದ ಆ ನಾಲ್ಕು ಪುಟಗಳೇ ಇಡೀ ಪುಸ್ತಕದಲ್ಲಿ ಚೆನ್ನಾಗಿದ್ದವು.

ಆ ‘ಹೊಂದುತ್ತದೆ’ ಅನ್ನುವುದನ್ನು ಪರೀಕ್ಷೆ ಮಾಡಿಯೇ ಹಾಕಬೇಕು ಅಂತೇನೂ ಇಲ್ಲ. 2023ರ ಜನವರಿಯಲ್ಲಿ ಆಟದ ಕಂಪನಿಯವರು 5ಇಯ ಮೂಲ ನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟರು. ಒಳ್ಳೆಯ ಕೆಲಸವೇ. ಆದರೆ ಅದನ್ನು ಇಟ್ಟುಕೊಂಡು ಯಾರು ಬೇಕಾದರೂ ಪುಸ್ತಕ ಮಾಡಬಹುದು, ಆಡಿ ನೋಡಿದವರೂ, ಆಡದೇ ಬರೆದವರೂ.

ಇದು ಆಡದೇ ಬರೆದದ್ದು. ಮೊದಲ ಸೆಷನ್‌ನಲ್ಲೇ ವಾಸನೆ ಬಡಿಯಿತು. ಬಳ್ಳಿಗಳ ರಾಣಿ ಅಂತ ಒಬ್ಬಳಿದ್ದಳು. ಎದುರಾಳಿ ಎಷ್ಟು ಕಷ್ಟ ಅಂತ ಹೇಳುವ ಚಾಲೆಂಜ್ ರೇಟಿಂಗ್ 4 ಅಂತ ಬರೆದಿತ್ತು. ನಮ್ಮದು ನಾಲ್ಕು ಜನರ, ನಾಲ್ಕನೇ ಲೆವೆಲ್ಲಿನ ಪಾರ್ಟಿ, ಸರಿ ಹೋಗುತ್ತದೆ ಅಂದುಕೊಂಡೆ. ಅವಳು ಹಾಕುವ ಮೋಡಿಯ ಡಿಸಿ, ಅಂದರೆ ತಪ್ಪಿಸಿಕೊಳ್ಳಲು ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ, ಮಾತ್ರ 19. ಡಿಎಂಗಳಿಗಾಗಿ 2014ರಲ್ಲಿ ಬಂದ ಅಧಿಕೃತ ಪುಸ್ತಕದ ಕೋಷ್ಟಕ ನೋಡಿದರೆ ರೇಟಿಂಗ್ 4ಕ್ಕೆ ಡಿಸಿ 14. 19 ಬರುವುದು ರೇಟಿಂಗ್ 17ಕ್ಕೆ! ನಮ್ಮ ಫೈಟರ್‌ಗೆ, ಅಂದರೆ ಪಾರ್ಟಿಯ ಯೋಧನ ಪಾತ್ರಕ್ಕೆ, ದಾಳದ ಜೊತೆ ಕೂಡುವ ವಿಸ್ಡಮ್ ಬೋನಸ್ ಸೊನ್ನೆ. ಅಂದರೆ ಡಿ20ಯಲ್ಲಿ (ಇಪ್ಪತ್ತು ಮುಖದ ದಾಳ) 19 ಅಥವಾ 20 ಬಿದ್ದರೆ ಮಾತ್ರ ಬಚಾವ್. ಬೀಳಲಿಲ್ಲ. ಪ್ರತಿ ಸರದಿಗೂ ಮತ್ತೆ ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶವೂ ಇಲ್ಲ, ರಾಣಿ ಸಾಯುವ ತನಕ ಮೋಡಿ ಇಳಿಯುವುದಿಲ್ಲವಂತೆ. ಫೈಟರ್ ಆಡುತ್ತಿದ್ದ ಹುಡುಗಿ ಎರಡು ಗಂಟೆ ಸುಮ್ನೆ ಕೂತು ಚಕ್ಕುಲಿ ತಿಂದಳು. ಡಬ್ಬಿ ಖಾಲಿಯಾದ ಮೇಲೆ ಫೋನ್ ತೆಗೆದಳು.

ನಾನು ಅಲ್ಲೇ ಪುಸ್ತಕ ಮುಚ್ಚಬೇಕಿತ್ತು. ಒಂಬತ್ತು ಸಾವಿರ ಕೊಟ್ಟಿದ್ದೇನಲ್ಲ, ಮುಚ್ಚಲು ಮನಸ್ಸು ಬರಲಿಲ್ಲ.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಅವರ ಪಾತ್ರ ಕೆಂಚ ಅಂತ ಒಬ್ಬ ಡ್ವಾರ್ಫ್ (ಕುಳ್ಳರ ಕುಲದವನು), ಪಾರ್ಟಿಯ ಕ್ಲೆರಿಕ್, ಅಂದರೆ ದೇವರ ಸೇವಕ. ಕೆಂಚನ ತಂಗಿಗೆ ವಿಷ ಏರಿದೆ, ಇನ್ನು ಒಂಬತ್ತೇ ದಿನ. ಅವಳನ್ನು ಉಳಿಸುವ ಹೂವು ಫೇವೈಲ್ಡ್‌ನಲ್ಲಿದೆ. ಎರಡು ಸೆಷನ್ ಒದ್ದಾಡಿ, ಆಟದ ಲೆಕ್ಕದಲ್ಲಿ ನಾಲ್ಕೇ ದಿನದಲ್ಲಿ ಹೂವು ಹಿಡಿದು ವಾಪಸ್ ಬಂದರು. ಎಲ್ಲರ ಮುಖದಲ್ಲೂ ಖುಷಿ. ಆಗ ನಾನು ಪುಸ್ತಕದ ‘ಕಾಲದ ಕೋಷ್ಟಕ’ ತೆಗೆದೆ. ಫೇವೈಲ್ಡ್‌ನಲ್ಲಿ ಕಳೆದ ದಿನಗಳು ನಮ್ಮ ಲೋಕದಲ್ಲಿ ಎಷ್ಟಾದವು ಅಂತ ಹೇಳುವುದು ಅದೇ.

ಇಂಥದೊಂದು ಕೋಷ್ಟಕ 2014ರ ಅಧಿಕೃತ ಪುಸ್ತಕದಲ್ಲೂ ಇದೆ. ಡಿ20 ಉರುಳಿಸಿ 7ರಿಂದ 13 ಬಿದ್ದರೆ ಏನೂ ಬದಲಾಗುವುದಿಲ್ಲ. ದಿನಗಳು ವರ್ಷಗಳಾಗುವುದು 20 ಬಿದ್ದರೆ ಮಾತ್ರ. ಅದೂ ಬೇಕಿದ್ದರೆ ಬಳಸಿ, ಬೇಡವಾದರೆ ಬಿಡಿ ಅನ್ನುವ ನಿಯಮ. ನನ್ನ ಪುಸ್ತಕದಲ್ಲಿ ಡಿ10, 9 ಅಥವಾ 10 ಬಿದ್ದರೆ ದಿನಕ್ಕೊಂದು ವರ್ಷ. ಪ್ರತಿ ಸಲ ಗಡಿ ದಾಟುವಾಗಲೂ ಉರುಳಿಸಲೇಬೇಕು, ಡಿಎಂ ಫಲ ಬದಲಿಸಬಾರದು ಅಂತ ಚೌಕಟ್ಟು ಹಾಕಿ ಬರೆದಿತ್ತು. ಎಲ್ಲರೆದುರು ಉರುಳಿಸಿದೆ. 9.

ನಾಲ್ಕು ದಿನ ಹೋಗಿ ನಾಲ್ಕು ವರ್ಷ. ಊರಿಗೆ ಬಂದರೆ ತಂಗಿಯ ಸಮಾಧಿಯ ಮೇಲೆ ಹುಲ್ಲು ಬೆಳೆದಿದೆ.

ಭಾವ ಸ್ವಲ್ಪ ಹೊತ್ತು ದಾಳವನ್ನೇ ನೋಡಿದರು. “ರೇವತಿ ಅಪ್ಪ ಬ್ರಹ್ಮಲೋಕಕ್ಕೆ ಹೋಗಿ ಬಂದ್ನಲ್ಲ, ಹಾಗಾಯ್ತು ಬಿಡು ನನ್ನ ಕಥೆ. ಅವನಿಗಾದ್ರೂ ಅಳಿಯ ಅಂತ ಬಲರಾಮ ಸಿಕ್ಕಿದ” ಅಂದರು. ನಗಲಿಲ್ಲ. ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಕಾಫಿಯನ್ನೂ ಕುಡಿಯದೆ ಹೊರಟರು. ನಾನು ಬೇರೆ “ರೂಲ್ಸ್ ಅಂದ್ರೆ ರೂಲ್ಸ್ ಭಾವ” ಅಂದೆ. ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಮುಂದಿನ ವಾರ ಅಕ್ಕನ ಫೋನು. “ಏನ್ ಮಾಡಿದ್ಯೋ ನಿಮ್ಮ ಭಾವಂಗೆ? ಯಾರೋ ತಂಗಿ ಸತ್ತೋದ್ಲು ಅಂತಾರೆ, ಇವರಿಗೆ ತಂಗಿನೇ ಇಲ್ವಲ್ಲೋ!”

ಆ ಮೂರು ವಾರ ಕೂತು ಫೇ ಲೋಕದ ಹಳೇ ಕಥೆಗಳನ್ನು ಮತ್ತೆ ಓದಿದೆ. ಐರ್ಲೆಂಡಿನ ಒಶೀನ್‌ನ ಕಥೆಯಲ್ಲೂ ಕಾಲ ಹೀಗೇ ಕೈಕೊಡುತ್ತದೆ. ಫೇ ಲೋಕಕ್ಕೆ ಹೋದವನು ಮೂರು ವರ್ಷ ಅಂದುಕೊಂಡು ವಾಪಸ್ ಬಂದರೆ ಮುನ್ನೂರು ವರ್ಷ ಕಳೆದಿರುತ್ತದೆ. ಆದರೆ ಅಲ್ಲಿಂದ ವಾಪಸ್ ಹೊರಡುವ ಮೊದಲೇ ಅವನಿಗೆ ಹೇಳಿರುತ್ತಾರೆ: ಕುದುರೆ ಇಳಿಯಬೇಡ, ನೆಲ ಮುಟ್ಟಬೇಡ ಅಂತ. ನೆಲ ಮುಟ್ಟುತ್ತಾನೆ, ಮುದುಕನಾಗುತ್ತಾನೆ. ಅಲ್ಲಿನ ಊಟ ಮಾಡಬೇಡ, ಹೆಸರು ಕೊಡಬೇಡ ಅನ್ನುವುದೂ ಇದೇ ಜಾತಿ. ಷರತ್ತು ಮೊದಲೇ ಬಾಯಿಬಿಟ್ಟು ಹೇಳುತ್ತಾರೆ, ಮುರಿಯುವವರು ನಾವು. ನನ್ನ ಪುಸ್ತಕದಲ್ಲಿ ಹೇಳುವವರೂ ಇಲ್ಲ, ಮುರಿಯುವವರೂ ಇಲ್ಲ. ಬರೀ ಕೋಷ್ಟಕ. ಎಣಿಸಿದೆ, 61 ಕೋಷ್ಟಕ. ಟೋಪಿಯ ಬಣ್ಣಕ್ಕೂ ಒಂದು. ಒಂದು ಒಪ್ಪಂದ ಹೇಗೆ ಮಾಡಿಸಬೇಕು, ಮಾತು ಮುರಿದರೆ ಫೇಗೆ ಏನಾಗುತ್ತದೆ, ಆಟಗಾರರಿಗೆ ಏನಾಗುತ್ತದೆ, ಇದಕ್ಕೆ ಅರ್ಧ ಪುಟವೂ ಇಲ್ಲ.

2021ರ ಅಧಿಕೃತ ಸಾಹಸ ‘ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್’ ಇದನ್ನು ನೆಟ್ಟಗೆ ಮಾಡಿದೆ. ಅಲ್ಲಿನ ಫೇ ನಾಡಿನಲ್ಲಿ ಮೂರೇ ನಡವಳಿಕೆ: ಅತಿಥಿಯನ್ನು ಉಪಚರಿಸಬೇಕು, ಇನ್ನೊಬ್ಬರ ವಸ್ತು ಕದಿಯಬಾರದು, ಕೊಟ್ಟಿದ್ದಕ್ಕೆ ಪ್ರತಿಯಾಗಿ ಕೊಡಬೇಕು. ಅಷ್ಟನ್ನೇ ಇಟ್ಟುಕೊಂಡು ಎಷ್ಟು ಸೆಷನ್ ಬೇಕಾದರೂ ಎಳೆಯಬಹುದು. ಅಲ್ಲಿ ಹೊಡೆದಾಟವೇ ಇಲ್ಲದೆಯೂ ಆಟ ಮುಗಿಸಲು ದಾರಿ ಇದೆ.

ಭಾವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ 9 ಬಿದ್ದೇ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡು, ಗಡಿ ದಾಟುವ ಹೊತ್ತಿನಿಂದ ಮತ್ತೆ ಆಡಿದೆವು. ಈ ಸಲ ಗಡಿಯಲ್ಲಿ ಒಬ್ಬಳು ಹ್ಯಾಗ್, ಅಂದರೆ ಮಾಟಗಾತಿ ಮುದುಕಿಯನ್ನು ನಿಲ್ಲಿಸಿದೆ. ಬೆಲೆ ನೇರವಾಗಿ ಹೇಳಿಸಿದೆ: “ಕಾಲ ಕೆಡದ ಹಾಗೆ ದಾಟಿಸ್ತೀನಿ. ನಿನ್ನ ತಂಗಿಯ ದನಿಯ ನೆನಪು ನನಗೆ ಕೊಡು. ಯಾವತ್ತು ಬಂದು ತಗೊಳ್ಳಲಿ, ನೀನೇ ಹೇಳು.”

ಭಾವ ಒಂದು ನಿಮಿಷ ಯೋಚಿಸಿದರು. “ನಾಳೆ ಬಾ” ಅಂದರು.

ಮುದುಕಿ ಒಪ್ಪಿದಳು. ಕೆಂಚ ಮನೆಗೆ ಬಂದವನೇ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ ದೆವ್ವಕ್ಕೆ ಬರೆದಿರುತ್ತಿದ್ದರಲ್ಲ, ಅದೇ. ಮುದುಕಿ ದಿನಾ ಬರುತ್ತಾಳೆ, ಓದುತ್ತಾಳೆ, ಹೋಗುತ್ತಾಳೆ. ಕೊಟ್ಟ ಮಾತು ಅವಳನ್ನೇ ಕಟ್ಟಿಹಾಕಿದೆ. ಟೇಬಲ್ ಸುತ್ತ ಅಷ್ಟು ಜೋರಾಗಿ ನಕ್ಕಿದ್ದು ನನಗೆ ನೆನಪಿಲ್ಲ. ಇದಕ್ಕೆ ದಾಳವೂ ಬೇಕಾಗಲಿಲ್ಲ, ಪುಸ್ತಕವೂ ಬೇಕಾಗಲಿಲ್ಲ.

ಹಾಗಾಗಿ ಕೊಳ್ಳುವ ಮೊದಲು ಪರಿವಿಡಿ ಕೇಳಿ. ಕೊಡದಿದ್ದರೆ ಬಿಡಿ. ಕೊಟ್ಟರೆ ಒಪ್ಪಂದ, ಋಣ, ಆತಿಥ್ಯ ಅನ್ನುವ ಅಧ್ಯಾಯ ಎಲ್ಲಿದೆ ನೋಡಿ. ಎರಡು ಸ್ಟಾಟ್ ಬ್ಲಾಕ್ (ಎದುರಾಳಿಯ ಅಂಕಿಗಳ ಪಟ್ಟಿ) ತೆಗೆದು ಅಧಿಕೃತ ಕೋಷ್ಟಕದ ಜೊತೆ ಡಿಸಿ ಹೋಲಿಸಿ, ಐದು ನಿಮಿಷದ ಕೆಲಸ. ಒಳಗೆ ಆಡಿ ನೋಡಿದವರ ಹೆಸರಿನ ಪಟ್ಟಿ ಇದೆಯಾ ಅಂತಲೂ ನೋಡಿ, ನನ್ನದರಲ್ಲಿ ಚಿತ್ರಗಾರರ ಹೆಸರು ಬಿಟ್ಟರೆ ಏನೂ ಇರಲಿಲ್ಲ. ದುಡ್ಡು ವಾಪಸ್ ಕೇಳಿದೆ. ನೀವು ಕೊಂಡಿಲ್ಲ, ನಮಗೆ ಬೆಂಬಲ ಕೊಟ್ಟಿದ್ದೀರಿ, ಹಾಗಾಗಿ ವಾಪಸ್ ಇಲ್ಲ ಅಂತ ಉತ್ತರ ಬಂತು.

ಅರ್ಧ ಬೆಲೆಗೆ ಕೊಡ್ತೀರಾ ಅಂತ ಆಗಲೇ ಇಬ್ಬರು ಕೇಳಿದ್ದಾರೆ. ಕೊಡುವುದಿಲ್ಲ. ಜಿಂಕೆ ಕೊಂಬಿನ ರಾಣಿಯನ್ನು ನೋಡಬೇಕಿದ್ದರೆ ಮನೆಗೆ ಬನ್ನಿ, ಕಾಫಿ ಮಾಡಿಸುತ್ತೇನೆ.