ಹಳೇ ಸೈಕಲ್ಲಿಗೆ ಎಲೆಕ್ಟ್ರಾನಿಕ್ ಗೇರ್: ಮಲೆನಾಡಿನ ಮಳೆಯಲ್ಲಿ ಓಡಿಸಿ ನೋಡಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲೂ ಸೈಕಲ್ ಬಿಡದವರು ನೀವಾಗಿದ್ದರೆ ಈ ಖರ್ಚು ಮಾಡಬಹುದು. ಬೇಸಿಗೆಯಲ್ಲಿ ಗಾಜನೂರು ಡ್ಯಾಮಿನ ತನಕ ಹೋಗಿ ಬರುವವರಿಗೆ ಬೇಡ. ಹೊಸ ಕೇಬಲ್ ಹಾಕಿಸಿಕೊಳ್ಳಿ, ಸಾಕು.

ನನ್ನದು 26 ಇಂಚು ಚಕ್ರದ ಹಳೇ ಅಲ್ಯೂಮಿನಿಯಂ ಮೌಂಟನ್ ಬೈಕ್. ಮುಂದೆ ಮೂರು, ಹಿಂದೆ ಒಂಬತ್ತು ಗೇರ್. ಫ್ರೇಮ್ ಇನ್ನೂ ಗಟ್ಟಿಮುಟ್ಟಾಗಿದೆ, ಮೈಗೆ ಒಗ್ಗಿ ಹೋಗಿದೆ, ಮಾರುವ ಮನಸ್ಸಿಲ್ಲ. ಅದಕ್ಕೆ ಸ್ರಾಮ್ ಕಂಪನಿಯ ಜಿಎಕ್ಸ್ ಈಗಲ್ ಎಎಕ್ಸ್‌ಎಸ್ ಕಿಟ್ ಹಾಕಿಸಿದೆ. 2021ರಲ್ಲಿ ಬಂದ ಕಿಟ್ ಇದು. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರ್ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ತೋಳು), ಬ್ಯಾಟರಿ, ಚಾರ್ಜರ್ ಮತ್ತು ಹ್ಯಾಂಡಲ್ಲಿಗೆ ಹಾಕುವ ಗುಂಡಿ, ಇಷ್ಟು ಬರುತ್ತದೆ. ಆಗ ಅಮೆರಿಕದಲ್ಲಿ ಇದರ ಬೆಲೆ 600 ಡಾಲರ್. ನಮ್ಮ ಕೈಗೆ ಬರುವಷ್ಟರಲ್ಲಿ ನನ್ನ ಹಳೇ ಸೈಕಲ್ಲಿನ ಬೆಲೆಯನ್ನೂ ದಾಟಿತ್ತು.

ಇಷ್ಟು ದುಡ್ಡು ಯಾಕೆ ಅಂದರೆ, ಕೇಬಲ್. ಜೂನ್ ಬಂತು ಅಂದರೆ ತೀರ್ಥಹಳ್ಳಿಯಿಂದ ಆಚೆ ರಸ್ತೆ ಬದಿಯ ಕೆಂಪು ಮಣ್ಣೆಲ್ಲ ಕೆಸರು. ಹಿಂದಿನ ಡಿರೇಲರ್ ಹತ್ತಿರ ಕೇಬಲ್ ಒಂದು ಸುತ್ತು ಬಾಗಿ ಒಳಗೆ ಹೋಗುತ್ತದೆ ಅಲ್ವಾ, ಅಲ್ಲಿಂದಲೇ ನೀರೂ ಮಣ್ಣೂ ಹೊರ ಕವಚದೊಳಗೆ ಇಳಿಯೋದು. ದೊಡ್ಡ ಹಲ್ಲಿನ ಚಕ್ರಕ್ಕೆ ಹೋಗುವಾಗ ನಮ್ಮ ಹೆಬ್ಬೆರಳು ಕೇಬಲ್ ಎಳೆಯುತ್ತದೆ, ತೊಂದರೆ ಗೊತ್ತಾಗುವುದಿಲ್ಲ. ಚಿಕ್ಕದಕ್ಕೆ ಇಳಿಸುವಾಗ ಎಳೆಯಬೇಕಾದ್ದು ಡಿರೇಲರ್ ಒಳಗಿನ ಸ್ಪ್ರಿಂಗ್. ಕೇಬಲ್ ತುಕ್ಕು ಹಿಡಿದಿದ್ದರೆ ಆ ಸ್ಪ್ರಿಂಗಿಗೆ ಶಕ್ತಿ ಸಾಲದು. ಒತ್ತಿದ ಗೇರ್ ಒತ್ತಿದಾಗ ಬೀಳುವುದಿಲ್ಲ, ನೂರು ಮೀಟರ್ ಹೋದ ಮೇಲೆ ತಾನೇ ಧಡ್ ಅಂತ ಬೀಳುತ್ತದೆ. ಪ್ರತಿ ಮಳೆಗಾಲವೂ ಇದೇ ಗೋಳು.

ಎಎಕ್ಸ್‌ಎಸ್‌ನಲ್ಲಿ ಕೇಬಲ್ಲೇ ಇಲ್ಲ. ಎರಡೂ ಕಡೆಗೆ ಮೋಟರೇ ತಳ್ಳುತ್ತದೆ. ಗುಂಡಿ ಒತ್ತಿದರೆ ಝೀಂಯ್ ಅಂತ ಸಣ್ಣ ಸದ್ದು, ಚೈನ್ ಪಕ್ಕದ ಚಕ್ರದ ಮೇಲೆ. ನೀರು ಮತ್ತು ಧೂಳಿನ ತಡೆಗೆ ಐಪಿ69ಕೆ ದರ್ಜೆ ಅಂತ ಕಂಪನಿ ಹೇಳುತ್ತದೆ. ಆಗುಂಬೆಯ ಜುಲೈ ಮಳೆಯಲ್ಲಿ ಮೈಯೆಲ್ಲ ತೊಯ್ದು ತೊಪ್ಪೆಯಾದಾಗಲೂ ಗೇರ್ ಮಾತ್ರ ಒಂದು ಸಲವೂ ತಡವರಿಸಲಿಲ್ಲ. ನನಗೆ ಇದೊಂದೇ ಸಾಕು.

ಈಗ ಹಳೇ ಸೈಕಲ್ಲಿನ ವಿಷಯ. ಕಿಟ್ ತರಿಸುವ ಮೊದಲು ಹಿಂದಿನ ಚಕ್ರ ಬಿಚ್ಚಿ ನೋಡಿ. ಗೇರ್ ಚಕ್ರಗಳ ಗೊಂಚಲು ಹಬ್ಬಿನ ಮೇಲೆ ತಿರುಪಿ ಕೂರಿಸಿದ ಫ್ರೀವೀಲ್ ಆಗಿದ್ದರೆ ಈ ಕಿಟ್ಟಿಗೆ ಹೊಸ ಚಕ್ರ ಬೇಕೇ ಬೇಕು, ಲೆಕ್ಕ ಕೈಮೀರುತ್ತದೆ. ಗೀರುಗಳಿರುವ ಫ್ರೀಹಬ್ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಆಗಿದ್ದರೆ ಬಚಾವ್. ಈಗಲ್ ಸಾಲಿನ ದುಬಾರಿ ಕ್ಯಾಸೆಟ್‌ಗಳ ಚಿಕ್ಕ ಚಕ್ರಕ್ಕೆ 10 ಹಲ್ಲು, ಅವಕ್ಕೆ ಬೇರೆ ಥರದ ಫ್ರೀಹಬ್ ಬೇಕು. ಆದರೆ ಅದೇ ಸಾಲಿನ ಎನ್‌ಎಕ್ಸ್ ಕ್ಯಾಸೆಟ್ 11ರಿಂದ 50 ಹಲ್ಲಿನದು, ಹಳೇ ಶಿಮಾನೋ ಮಾದರಿಯ ಫ್ರೀಹಬ್ಬಿಗೆ ಸುಮ್ನೆ ಕೂರುತ್ತದೆ. ತೂಕ 600 ಗ್ರಾಂ ಮೇಲೆ, ಅಗ್ಗದ್ದು, ಕೆಲಸಕ್ಕೆ ಕುಂದಿಲ್ಲ. ನಾನು ಹಾಕಿಸಿದ್ದು ಅದೇ.

ಮುಂದಿನ ಮೂರು ಗೇರ್ ಚಕ್ರ ತೆಗೆದು ಒಂದೇ ಒಂದು ಹಾಕಬೇಕು. ಹಿಂದೆ 12 ಗೇರ್ ಆಗುವುದರಿಂದ 12 ಸ್ಪೀಡ್ ಚೈನ್ ಹಾಕಬೇಕು. ಮೊದಲು ನನಗಿದ್ದ ಅತಿ ಹಗುರದ ಗೇರ್ ಮುಂದೆ 22 ಹಲ್ಲು, ಹಿಂದೆ 34, ಅಂದರೆ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ 0.65 ಸುತ್ತು. ಈಗ ಮುಂದೆ 32, ಹಿಂದೆ 50, ಅಂದರೆ 0.64. ಕುಂದಾದ್ರಿಯ ಕೊನೆಯ ಏರಿನಲ್ಲಿ ಏನೂ ಕಳೆದುಕೊಂಡಿಲ್ಲ. ಕಳೆದುಕೊಂಡದ್ದು ವೇಗದ ಗೇರಿನ ತುದಿಯಲ್ಲಿ. ಮೊದಲು 44ಕ್ಕೆ 11 ಇತ್ತು, ಈಗ 32ಕ್ಕೆ 11. ನಿಮಿಷಕ್ಕೆ 90 ಸುತ್ತು ತುಳಿದರೂ ಗಂಟೆಗೆ 32 ಕಿ.ಮೀ. ಆಸುಪಾಸು. ಮಂಡಗದ್ದೆ ಕಡೆಯ ಸಪಾಟು ರಸ್ತೆಯಲ್ಲಿ ಗೆಳೆಯರು ಮುಂದೆ ಹೋಗುವಾಗ ಇದು ನಿಜಕ್ಕೂ ಚುಚ್ಚುತ್ತದೆ. ಘಾಟಿ ಸವಾರರಿಗೆ ಪರವಾಗಿಲ್ಲ, ರೇಸ್ ಹುಚ್ಚಿದ್ದವರು ಯೋಚಿಸಿ.

ಇನ್ನು ಹಾಕಿಸುವ ಕತೆ. ಮೊದಲು ಒಯ್ದ ಅಂಗಡಿಯ ಹೆಸರು ಬೇಡ. ಬೋಲ್ಟ್ ಬಿಗಿ ಮಾಡಿ ಕೈಗೆ ಕೊಟ್ಟರು. ಮಧ್ಯದ ಗೇರ್‌ಗಳಲ್ಲಿ ಚೈನ್ ಕಟಕಟ ಅನ್ನುತ್ತಿತ್ತು. "ಎಲೆಕ್ಟ್ರಾನಿಕ್ ಅಂದ್ರೆ ಹಂಗೇ, ಓಡಿಸ್ತಾ ಸೆಟ್ ಆಗತ್ತೆ" ಅಂದರು. ಆಗಲಿಲ್ಲ, ಆಗುವುದೂ ಇಲ್ಲ. ಡಿರೇಲರ್ ನೇತಾಡುವ ಹ್ಯಾಂಗರ್ ಒಳಕ್ಕೆ ಸ್ವಲ್ಪ ಬಾಗಿತ್ತು. ಮೋಟರ್ ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಹೋಗುತ್ತದೆ, ಆದರೆ ಹ್ಯಾಂಗರ್ ಸೊಟ್ಟಗಿದ್ದರೆ ಆ ಜಾಗವೇ ತಪ್ಪು. 12 ಚಕ್ರಗಳ ನಡುವೆ ಸಂದು ಎಷ್ಟು ಸಣ್ಣದು ಅಂದರೆ ಕೂದಲೆಳೆ ವ್ಯತ್ಯಾಸವೂ ಕೇಳಿಸುತ್ತದೆ. ಬೇರೆ ಮೆಕಾನಿಕ್ ಒಬ್ಬರು ಅಳತೆಯ ಗೇಜ್ ಹಾಕಿ ನಿಧಾನವಾಗಿ ನೇರ ಮಾಡಿದರು, ಸದ್ದು ನಿಂತಿತು. ಆಮೇಲಿನ ಸಣ್ಣಪುಟ್ಟ ಹೊಂದಾಣಿಕೆಯನ್ನು ಹ್ಯಾಂಡಲ್ ಗುಂಡಿಯಿಂದಲೇ, ಓಡಿಸುತ್ತಲೇ ಮಾಡಿಕೊಳ್ಳಬಹುದು. ಹಾಗಾಗಿ ಅಂಗಡಿಗೆ ಹೋದರೆ "ಹ್ಯಾಂಗರ್ ಗೇಜ್ ಇದೆಯಾ?" ಅಂತ ಮೊದಲೇ ಕೇಳಿ. ಇಲ್ಲ ಅಂದರೆ ವಾಪಸ್ ಬನ್ನಿ.

ಬ್ಯಾಟರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಗಂಟೆ ಚಾರ್ಜಿಗೆ ಸುಮಾರು 20 ಗಂಟೆ ಸವಾರಿ ಅಂತ ಲೆಕ್ಕ. ದೀಪ ಹಸಿರು ಇದ್ದರೆ ನಿಶ್ಚಿಂತೆ, ಕೆಂಪಾದರೆ ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಿ. ಸೈಕಲ್ ಅಲುಗಿದರೆ ಡಿರೇಲರ್ ಎಚ್ಚರವಾಗುತ್ತದೆ, ಹಾಗಾಗಿ ಬಸ್ಸಿನಲ್ಲೋ ಕಾರಿನಲ್ಲೋ ಸಾಗಿಸುವಾಗ ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಬ್ಯಾಟರಿ ಸತ್ತರೆ ಇದ್ದ ಗೇರಿನಲ್ಲೇ ಹದಿನಾಲ್ಕು ತಿರುವೂ ತುಳಿಯಬೇಕಾಗುತ್ತದೆ.

ಚೈನ್ ತೊಳೆದು ಎಣ್ಣೆ ಹಾಕುವ ಕೆಲಸ ಮಾತ್ರ ತಪ್ಪುವುದಿಲ್ಲ. ತೆಳು ಚೈನ್, ಕೆಸರಿಗೆ ಬೇಗ ಸವೆಯುತ್ತದೆ.

ಕೊಳ್ಳುವಾಗ ಇನ್ನೊಂದು ಎಚ್ಚರ. 2023ರಲ್ಲಿ ಬಂದ ಟ್ರಾನ್ಸ್‌ಮಿಷನ್ ಅನ್ನುವ ಸಾಲು ನಮ್ಮ ಹಳೇ ಫ್ರೇಮಿಗೆ ಆಗುವುದಿಲ್ಲ. ಅದಕ್ಕೆ ಯುಡಿಎಚ್ ಅನ್ನುವ ಏಕರೂಪದ ಹ್ಯಾಂಗರ್ ಅಳತೆಗೆ ಮಾಡಿದ ಹೊಸ ಫ್ರೇಮೇ ಬೇಕು. ಹೆಸರಿನಲ್ಲಿ ಎರಡಕ್ಕೂ ಈಗಲ್ ಇದೆ, ಅಂಗಡಿಯವರು ಹೊಸದು ಒಳ್ಳೇದು ಅಂದಾರು, ಒಪ್ಪಬೇಡಿ. ದುಡ್ಡು ಕಡಿಮೆ ಇದ್ದರೆ ಚೀನಾದ ವೀಲ್‌ಟಾಪ್ ಇಡಿಎಸ್ ಇದೆ. ಎಷ್ಟು ಗೇರ್ ಅಂತ ಆ್ಯಪಿನಲ್ಲೇ ಹೊಂದಿಸುವುದರಿಂದ ಇದ್ದ ಕ್ಯಾಸೆಟ್ಟನ್ನೇ ಉಳಿಸಿಕೊಳ್ಳಬಹುದು. ನಾನು ಓಡಿಸಿಲ್ಲ.

ಕಿಟ್ ಜೊತೆಗೇ ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಎರಡು ತರಿಸಿಟ್ಟುಕೊಳ್ಳಿ, ಹಳೇ ಮಾದರಿಯವು ಸಿಗುವುದೇ ಕಷ್ಟವಾಗಿದೆ. ಹ್ಯಾಂಡಲ್ ಗುಂಡಿಗೆ ಬೇಕಾದ ಸಿಆರ್2032 ಸೆಲ್ ಮಾತ್ರ ಶಿವಮೊಗ್ಗದ ದುರ್ಗಿಗುಡಿಯ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ.