ಜುಲೈ 4ರ ಬೀದಿ ಹಬ್ಬಕ್ಕೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರ: ಎರಡು ಬೇಸಿಗೆ ಬಳಸಿದ ಮೇಲೆ

ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಮ್ಮ ಬೀದಿಯವರು ಪ್ರತಿ ವರ್ಷ ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು, ಸ್ಥಳೀಯ ಆಡಳಿತದ ಅನುಮತಿ ಪಡೆದು, ಬೀದಿಯ ಎರಡೂ ತುದಿಗಳಲ್ಲಿ ವಾಹನಗಳನ್ನು ತಡೆದು, ನಡುಬೀದಿಯಲ್ಲೇ ಮೇಜುಗಳನ್ನು ಹಾಕಿ ಒಟ್ಟಿಗೆ ಊಟ ಮಾಡುತ್ತಾರೆ. ನಾವು ಹೊಸದಾಗಿ ಬಂದ ವರ್ಷ ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ ಒಯ್ದಿದ್ದೆವು. ಎಲ್ಲರೂ ಮೆಚ್ಚಿ ತಿಂದರು. ಆದರೂ ನಮಗೆ ಪಾತ್ರೆಯನ್ನು ಮೇಜಿನ ಮೇಲಿಟ್ಟು ಬಂದಂತಾಯಿತೇ ಹೊರತು ಅವರೊಡನೆ ಕೂಡಿ ಏನನ್ನೋ ಮಾಡಿದಂತೆನಿಸಲಿಲ್ಲ. ಆ ಕೊರತೆಯನ್ನು ನೀಗಿದ್ದು ಮುಂದಿನ ವರ್ಷ ನಾವು ಕೊಂಡ ಈ ಯಂತ್ರ.

ಇದರ ರಚನೆ ಸರಳ. ಪೈನ್ ಮರದ ಹಲಗೆಗಳನ್ನು ಲೋಹದ ಪಟ್ಟಿಯಿಂದ ಬಿಗಿದ ಒಂದು ಬಾನಿ, ಅದರೊಳಗೆ ಸುಮಾರು 5.7 ಲೀಟರ್ ಹಿಡಿಯುವ ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಮರದ ಅಲಗುಗಳುಳ್ಳ ಕಡೆಗೋಲು, ಮೇಲೆ ಹಲ್ಲುಚಕ್ರ ಮತ್ತು ಹಿಡಿಕೆ. 1843ರಲ್ಲಿ ಇದೇ ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದ ಉಪಕರಣದ ಮೂಲತತ್ವವೇ ಇಂದಿಗೂ ಇದರಲ್ಲಿದೆ. ಬಾನಿಗೂ ಡಬ್ಬಿಗೂ ನಡುವೆ ಮಂಜುಗಡ್ಡೆಯನ್ನೂ ಕಲ್ಲುಪ್ಪನ್ನೂ ಪದರ ಪದರವಾಗಿ ತುಂಬಬೇಕು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ಇರುವುದರಿಂದ, ಕರಗುವ ಮಂಜುಗಡ್ಡೆ ಡಬ್ಬಿಯೊಳಗಿನ ಕೆನೆಯ ಶಾಖವನ್ನು ಎಳೆದುಕೊಂಡು ಅದನ್ನು ಗಟ್ಟಿಯಾಗಿಸುತ್ತದೆ. ಬರಿಯ ಮಂಜುಗಡ್ಡೆ ಹಾಕಿದರೆ ಎಷ್ಟು ತಿರುಗಿಸಿದರೂ ಐಸ್‌ಕ್ರೀಮ್ ಆಗುವುದಿಲ್ಲ.

ಮೊಟ್ಟೆ ತಿನ್ನದ ನಮ್ಮ ಮನೆಗೆ ಈ ಊರಿನ ಪದ್ಧತಿ ಹೇಳಿ ಮಾಡಿಸಿದಂತಿದೆ. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ ಸ್ವಂತ ಕೈಬರಹದಲ್ಲಿ ಬಿಟ್ಟುಹೋಗಿರುವ ವೆನಿಲಾ ಐಸ್‌ಕ್ರೀಮ್ ವಿಧಾನದಲ್ಲಿ 6 ಮೊಟ್ಟೆಗಳ ಹಳದಿ ಭಾಗ ಬೇಕು. ಆದರೆ ಫಿಲಡೆಲ್ಫಿಯಾ ಶೈಲಿ ಎಂದೇ ಹೆಸರಾದ ಐಸ್‌ಕ್ರೀಮಿಗೆ ಹಾಲು, ಕೆನೆ, ಸಕ್ಕರೆಗಳೇ ಸಾಕು. ನಾವು ಒಂದೂವರೆ ಲೀಟರ್ ಕ್ರೀಮ್, ಒಂದು ಲೀಟರ್ ಹಾಲು, ಒಂದೂವರೆ ಲೋಟ ಸಕ್ಕರೆಗೆ, ಭಾರತೀಯ ಅಂಗಡಿಯಲ್ಲಿ ಸಿಗುವ 850 ಗ್ರಾಂ ಮಾವಿನ ರಸದ ಒಂದು ಡಬ್ಬಿಯನ್ನು ಬೆರೆಸುತ್ತೇವೆ. ಮೈಸೂರಿನಿಂದ ಬಂದಿದ್ದ ಅಮ್ಮ, ಡಬ್ಬಿಯ ಮೇಲೆ ಬರೆದಿದ್ದ ಅಲ್ಫಾನ್ಸೊ ನಮ್ಮ ಬಾದಾಮಿ ಹಣ್ಣೇ ಎಂದು ತಿಳಿದ ಮೇಲೆ, ಏಲಕ್ಕಿಯನ್ನು ಚಿಟಿಕೆಗಿಂತ ಹೆಚ್ಚು ಹಾಕಲು ಬಿಡಲಿಲ್ಲ. ಅವರ ಮಾತು ಸರಿಯಾಗಿತ್ತು. ಮಿಶ್ರಣವು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಡಬ್ಬಿಯ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು. ಅಷ್ಟರಲ್ಲೇ ಸುಮಾರು 40 ಮಂದಿಗೆ ಸಣ್ಣ ಬಟ್ಟಲುಗಳಲ್ಲಿ ಹಂಚಬಹುದು.

ಈ ಯಂತ್ರವನ್ನು ನಾನು ಮನಸಾರೆ ಮೆಚ್ಚುವುದು ಇದರ ದುಡಿಮೆಗಾಗಿ. ಅರ್ಧ ಗಂಟೆಯ ಹೊತ್ತು ಯಾರಾದರೊಬ್ಬರು ಹಿಡಿಕೆಯನ್ನು ತಿರುಗಿಸುತ್ತಲೇ ಇರಬೇಕು, ಮತ್ತು ಒಬ್ಬರ ತೋಳಿಗೆ ಅದು ಸಾಧ್ಯವಿಲ್ಲ. ಮೊದಲ ಹತ್ತು ನಿಮಿಷ ಹಿಡಿಕೆ ಹಗುರವಾಗಿರುವುದರಿಂದ ಬೀದಿಯ ಚಿಕ್ಕ ಮಕ್ಕಳೆಲ್ಲ ಸಾಲಾಗಿ ನಿಂತು ಇಪ್ಪತ್ತು ಸುತ್ತಿನಂತೆ ತಿರುಗಿಸಿದರು. ಆಮೇಲೆ ಪ್ರೌಢಶಾಲೆಯ ಹುಡುಗಿಯರು, ಕೊನೆಗೆ ಹಿಡಿಕೆ ಬಿಗಿಯಾದಾಗ ದೊಡ್ಡವರು. ಬಾನಿ ಅಲುಗದಂತೆ ಮೇಲೆ ಗೋಣಿಚೀಲ ಮಡಚಿ ಹಾಸಿ ಒಂದು ಮಗುವನ್ನು ಕೂರಿಸುವ ಹಳೆಯ ಪದ್ಧತಿಯನ್ನು ಎದುರು ಮನೆಯ ವೃದ್ಧರು ಹೇಳಿಕೊಟ್ಟರು. ಆ ಪಟ್ಟಕ್ಕೆ ನನ್ನ ಆರು ವರ್ಷದ ಮಗನೇ ಆಯ್ಕೆಯಾದ. ಎರಡು ವರ್ಷ ಕೈಬೀಸಿ ನಕ್ಕು ಹೋಗುತ್ತಿದ್ದವರ ಮನೆಯ ಸಮಾಚಾರವೆಲ್ಲ ನನಗೆ ತಿಳಿದದ್ದು ಆ ಅರ್ಧ ಗಂಟೆಯಲ್ಲಿ. ವಿದ್ಯುತ್ ಮೋಟಾರಿನ ಮಾದರಿಯೂ ಸಿಗುತ್ತದೆ. ಬೀದಿಯ ಹಬ್ಬಕ್ಕೆಂದು ಕೊಳ್ಳುವವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ತೊಂದರೆಗಳೂ ಇವೆ. ಒಣಗಿದ ಬಾನಿಯ ಹಲಗೆಗಳ ಸಂದಿನಿಂದ ನೀರು ಸೋರುತ್ತದೆ. ಹಿಂದಿನ ರಾತ್ರಿಯೇ ನೀರು ತುಂಬಿಸಿಟ್ಟರೆ ಮರ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಬಾನಿಯ ಪಕ್ಕದಲ್ಲಿರುವ ಸಣ್ಣ ರಂಧ್ರವನ್ನು ಆಗಾಗ ಕಡ್ಡಿಯಿಂದ ಬಿಡಿಸುತ್ತಿರಬೇಕು. ಮೊದಲ ವರ್ಷ ಅದು ಮಂಜುಗಡ್ಡೆಯ ಚೂರಿನಿಂದ ಕಟ್ಟಿಕೊಂಡದ್ದನ್ನು ನಾವು ಗಮನಿಸಲಿಲ್ಲ. ಉಪ್ಪುನೀರು ಮೇಲೇರಿ ಮುಚ್ಚಳದ ಸಂದಿನಿಂದ ಒಳನುಗ್ಗಿ, ಐಸ್‌ಕ್ರೀಮಿನ ಮೇಲ್ಪದರವನ್ನೆಲ್ಲ ಬಿಸಾಡಬೇಕಾಯಿತು. ಒಂದು ಸಲಕ್ಕೆ ಸುಮಾರು 9 ಕಿಲೋ ಮಂಜುಗಡ್ಡೆಯೂ ಒಂದೂವರೆ ಕಿಲೋ ಕಲ್ಲುಪ್ಪೂ ಬೇಕಾಗುವುದರಿಂದ ಖರ್ಚು ಯಂತ್ರದ ಬೆಲೆಗೇ ಮುಗಿಯುವುದಿಲ್ಲ. ಕಡೆದ ಕೂಡಲೇ ಐಸ್‌ಕ್ರೀಮ್ ಮೆತ್ತಗಿರುತ್ತದೆ; ಕಡೆಗೋಲನ್ನು ತೆಗೆದು, ಮತ್ತೆ ಮಂಜುಗಡ್ಡೆ ಒತ್ತಿ ಒಂದು ಗಂಟೆ ಬಿಟ್ಟರೆ ಹದಕ್ಕೆ ಬರುತ್ತದೆ. ಹಾಗಾಗಿ ಸಂಜೆ ಐದಕ್ಕೆ ತಿರುಗಿಸಲು ಶುರುಮಾಡಿದರೆ, ಕತ್ತಲಾದ ಮೇಲೆ ನಡೆಯುವ ಪಟಾಕಿ ಪ್ರದರ್ಶನಕ್ಕೆ ಮುಂಚೆ ನೆಮ್ಮದಿಯಾಗಿ ಹಂಚಿ ಮುಗಿಸಬಹುದು.

ಹಬ್ಬ ಮುಗಿದ ರಾತ್ರಿಯೇ ಹಲ್ಲುಚಕ್ರವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಉಪ್ಪು ಅದನ್ನು ತುಕ್ಕು ಹಿಡಿಸುತ್ತದೆ. ಉಳಿದ ಉಪ್ಪುನೀರನ್ನು ಹುಲ್ಲಿನ ಮೇಲೆ ಚೆಲ್ಲಬಾರದು. ನಾವು ಮೊದಲ ವರ್ಷ ಚೆಲ್ಲಿದ ಜಾಗದಲ್ಲಿ ಮುಂದಿನ ವಸಂತದವರೆಗೂ ಹುಲ್ಲು ಚಿಗುರಲಿಲ್ಲ.