ಕಿಂಗ್‌ಪಿನ್ ಕೆಲಸ, ಲಾರಿ ಅಲೈನ್‌ಮೆಂಟ್: ದಾವಣಗೆರೆಯಲ್ಲಿ ಮಾಡಿಸಿ ಎರಡು ವರ್ಷ ಓಡಿಸಿದ ಮೇಲೆ

ಗಾಡಿ ಟಾಟಾ 1613, ಆರು ಚಕ್ರ. ಹೆಚ್ಚಾಗಿ ದಾವಣಗೆರೆಯಿಂದ ಮೆಕ್ಕೆಜೋಳ, ಸೀಸನ್ ಬಂದರೆ ಚಳ್ಳಕೆರೆ ಕಡೆಯಿಂದ ಈರುಳ್ಳಿ. ಕಿಂಗ್‌ಪಿನ್ (ಮುಂದಿನ ಚಕ್ರ ಎಡ ಬಲ ತಿರುಗುವ ಗೂಟ) ಕಿಟ್, ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸುವ ಸರಳು) ಎಂಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಸರಳು), ಮುಂದಿನ ಸ್ಪ್ರಿಂಗ್ ಬುಷ್ (ಪಿನ್ ಕೂರುವ ಕೊಳವೆ) ಎಲ್ಲಾ ಒಟ್ಟಿಗೇ ಬದಲಾಯಿಸಿದ್ದು. ಸಾಮಾನು ಹಾಕಿದ್ದು ಒಂದು ಗ್ಯಾರೇಜು, ಆಮೇಲೆ ಗಾಡಿ ಸರಿ ಮಾಡಿದ್ದು ಪಿ.ಬಿ. ರಸ್ತೆ ಕಡೆಯ ಒಂದು ಸಣ್ಣ ವರ್ಕ್‌ಶಾಪು. ಈ ವಿಮರ್ಶೆ ಆ ಎರಡನೆಯವರ ಕೆಲಸದ ಬಗ್ಗೆ.

ಹೊಸ ಸಾಮಾನು ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಕೆಟ್ಟದಾಗಿತ್ತು. ತಿರುವು ತೆಗೆದುಕೊಂಡರೆ ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ, ಕೈಯಲ್ಲೇ ತಿರುಗಿಸಿ ತರಬೇಕು. ಚಿತ್ರದುರ್ಗದ ಕಡೆ ಹೆದ್ದಾರಿ 48ರಲ್ಲಿ ನೇರ ರಸ್ತೆಯಲ್ಲೂ ಗಾಡಿ ಆ ಕಡೆ ಈ ಕಡೆ ಅಲೆಯುತ್ತಿತ್ತು. ಸ್ಟೀರಿಂಗ್ ವೀಲೂ ಓರೆ. ಆ ಗ್ಯಾರೇಜಿಗೆ ಹೋಗಿ ಹೇಳಿದರೆ ಮತ್ತೆ ಕಂಪ್ಯೂಟರ್ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿ ಮಾಡುವುದು) ಮಾಡಿ ಪೇಪರ್ ಕೊಟ್ಟರು. ಎಲ್ಲಾ ಹಸಿರು, ಅಂದರೆ ಎಲ್ಲಾ ಸರಿ. "ಹೊಸ ಸಾಮಾನು ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದರು. ಸೆಟ್ ಆಗಲಿಲ್ಲ, ಟೈರ್ ತಿನ್ನೋಕೆ ಶುರು ಮಾಡಿತು.

ಪಿ.ಬಿ. ರಸ್ತೆಯ ಮೇಸ್ತ್ರಿಗೆ ಆ ಪೇಪರ್ ತೋರಿಸಿದೆ. "ಅದು ಆಮೇಲೆ ನೋಡೋಣ್ರಿ ಅಣ್ಣಾ, ಮೊದಲು ಜಾಕ್ ಹಾಕೋಣ" ಅಂದರು. ಅಲ್ಲೇ ನನಗೆ ನಂಬಿಕೆ ಬಂತು.

ಮೊದಲು ಟೈರ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಸವರಿದರು. ನನಗೂ ಸವರೋಕೆ ಹೇಳಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲು ಸಿಕ್ಕಂತೆ. ಒಳಗಿನಿಂದ ಹೊರಗೆ ಸವರುವಾಗ ಚುಚ್ಚಿದರೆ ಟೋ ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಜಾಸ್ತಿ, ಹೊರಗಿನಿಂದ ಒಳಗೆ ಚುಚ್ಚಿದರೆ ಟೋ ಔಟ್ (ಹೊರಕ್ಕೆ ತಿರುಗಿರುವುದು). ಇದಕ್ಕೆ ಮೆಷಿನ್ ಬೇಡ, ಯಾವ ಡ್ರೈವರ್ ಬೇಕಾದರೂ ಢಾಬಾದಲ್ಲಿ ಟೀ ಕುಡಿಯುವ ಹೊತ್ತಿಗೆ ನೋಡಿಕೊಳ್ಳಬಹುದು.

ಮುಂದೆ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಚಕ್ರ ಎರಡೂ ಎತ್ತಿ, ಡ್ರ್ಯಾಗ್ ಲಿಂಕ್ ಮತ್ತು ಟೈ ರಾಡ್ ಬಿಚ್ಚಿದರು. ಈಗ ಒಂದೊಂದು ಚಕ್ರವನ್ನೂ ಬೇರೆಯಾಗಿ ಕೈಯಲ್ಲಿ ಆ ತುದಿಯಿಂದ ಈ ತುದಿವರೆಗೆ ತಿರುಗಿಸಬಹುದು. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದು ಅರ್ಧಕ್ಕೆ ಹೋಗಿ ಬಿಗಿಯಾಗಿ ನಿಂತಿತು. ಅಂದರೆ ದೋಷ ಸ್ಟೀರಿಂಗ್ ಬಾಕ್ಸ್‌ನಲ್ಲಿ ಇಲ್ಲ, ಪವರ್ ಪಂಪ್‌ನಲ್ಲೂ ಇಲ್ಲ, ಕಿಂಗ್‌ಪಿನ್‌ನಲ್ಲೇ ಇದೆ. ಈ ಒಂದು ಪರೀಕ್ಷೆ ಮಾಡದೆ ಸ್ಟೀರಿಂಗ್ ಬಾಕ್ಸ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಎಷ್ಟೋ ಜನ ಇದ್ದಾರೆ.

ಎಡಗಡೆ ಕಿಂಗ್‌ಪಿನ್ ಹೊಡೆದು ಹೊರಗೆ ತೆಗೆದರು. ಕೆಳಗಿನ ಬುಷ್‌ನ ಒಂದೇ ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಉಳಿದ ಭಾಗದಲ್ಲಿ ಪಿನ್ ತಾಗಿದ ಗುರುತೇ ಇಲ್ಲ. ಹೊಸ ಬುಷ್ ಪ್ರೆಸ್ ಮಾಡಿದ ಮೇಲೆ ರೀಮರ್ (ತೂತನ್ನು ನುಣ್ಣಗೆ ಕೊರೆಯುವ ಉಪಕರಣ) ಹಾಕಿ ಅಳತೆಗೆ ತರಬೇಕು. ಅದೂ ಮೇಲಿನದು ಕೆಳಗಿನದು ಎರಡೂ ಒಂದೇ ಲೈನಿಗೆ ಬರುವ ಹಾಗೆ ಉದ್ದ ರೀಮರ್ ಹಾಕಬೇಕು. ಮೊದಲಿನವರು ಎರಡನ್ನೂ ಬೇರೆ ಬೇರೆ ಕೊರೆದಿದ್ದರು. ಸಾಮಾನಿನದು ಏನೂ ತಪ್ಪಿಲ್ಲ. ಅದೇ ಕಂಪನಿಯ ಹೊಸ ಬುಷ್ ತಂದು ಸರಿಯಾಗಿ ರೀಮ್ ಮಾಡಿದರು, ಚಕ್ರ ಕೈಯಲ್ಲೇ ತಿರುಗಿತು.

ವಾಪಸ್ ಬರುವುದು ಸುಧಾರಿಸಿತು, ಅಲೆಯುವುದು ನಿಲ್ಲಲಿಲ್ಲ. ಅದಕ್ಕೆ ಕಾರಣ ಬೆಣೆ. ಸೈಕಲ್ಲಿನ ಮುಂದಿನ ಫೋರ್ಕ್ ಹೇಗೆ ಹಿಂದಕ್ಕೆ ವಾಲಿರುತ್ತದೋ, ಲಾರಿಯ ಕಿಂಗ್‌ಪಿನ್‌ನ ಮೇಲ್ತುದಿ ಕೂಡ ಹಾಗೇ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದೇ ಕ್ಯಾಸ್ಟರ್. ಗಾಡಿ ನೇರ ಓಡುವುದು ಇದರಿಂದ. ನನ್ನ ಗಾಡಿಯಲ್ಲಿ ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವೆ ಇದಕ್ಕೆ ಬೆಣೆ ಕೊಟ್ಟಿದ್ದಾರೆ. ದಪ್ಪ ತುದಿ ಹಿಂದಕ್ಕೆ ಇರಬೇಕು. ಸ್ಪ್ರಿಂಗ್ ಬುಷ್ ಹಾಕುವಾಗ ಬಿಚ್ಚಿದವರು ಎರಡನ್ನೂ ಉಲ್ಟಾ ಕೂರಿಸಿದ್ದರು. ತಿರುಗಿಸಿ ಕೂರಿಸಿ ಯು ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದಿಡುವ ಬೋಲ್ಟ್) ಬಿಗಿ ಮಾಡಿದ ದಿನವೇ ಗಾಡಿ ಬೇರೆಯೇ ಆಯಿತು.

ಹಸಿರು ಪೇಪರ್ ಸುಳ್ಳು ಹೇಳಿರಲಿಲ್ಲ. ಅದರಲ್ಲಿದ್ದದ್ದು ಟೋ ಒಂದೇ. ಲಾರಿಯ ಒಂದೇ ತುಂಡಿನ ಬೀಮ್ ಆಕ್ಸಲ್‌ನಲ್ಲಿ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವುದು) ಅಡ್ಜಸ್ಟ್ ಮಾಡೋಕೆ ನಟ್ಟೇ ಇರುವುದಿಲ್ಲ, ಕ್ಯಾಸ್ಟರ್ ಅಳೆಯೋಕೆ ಚಕ್ರ ತಿರುಗಿಸಿ ಪುರುಸೊತ್ತಾಗಿ ನೋಡಬೇಕು. ಅಲ್ಲದೆ ಬಿಗಿ ಕಿಂಗ್‌ಪಿನ್, ಉಲ್ಟಾ ಬೆಣೆ ಇಟ್ಟುಕೊಂಡು ನಿಲ್ಲಿಸಿ ಮಾಡಿದ ಟೋ, ಓಡುವಾಗ ಹಾಗೇ ನಿಲ್ಲುವುದಿಲ್ಲ. ಅದಕ್ಕೇ ಟೋ ಎಲ್ಲಕ್ಕಿಂತ ಕೊನೆಗೆ. ಟೈರ್‌ಗೆ ಸೀಮೆಸುಣ್ಣ ಹಚ್ಚಿ ಗೆರೆ ಎಳೆದು, ಮುಂದೆ ಹಿಂದೆ ಅಳತೆ ನೋಡಿ, ಕಂಪನಿ ಮ್ಯಾನ್ಯುಯಲ್‌ನ ಅಂಕಿಗೆ ಟೈ ರಾಡ್ ತಿರುಗಿಸಿದರು. ಆಮೇಲೆ ಮೆಷಿನ್‌ನಲ್ಲೂ ನೋಡಿದರು.

ಓರೆ ಸ್ಟೀರಿಂಗ್‌ಗೆ ವೀಲ್ ಕಿತ್ತು ನೇರ ಕೂರಿಸುವವರನ್ನು ನಂಬಬೇಡಿ. ಸ್ಟೀರಿಂಗ್ ಬಾಕ್ಸ್ ತನ್ನ ಸೆಂಟರ್‌ನಲ್ಲಿದ್ದಾಗಲೇ ಬಿಗಿಯಾಗಿರುತ್ತದೆ, ಅಲ್ಲಿಂದ ಸರಿದರೆ ಪ್ಲೇ (ಸಡಿಲ) ಬರುತ್ತದೆ. ಬಾಕ್ಸ್ ಸೆಂಟರ್ ಮಾಡಿ, ಚಕ್ರ ನೇರ ಇಟ್ಟು, ಡ್ರ್ಯಾಗ್ ಲಿಂಕ್ ಉದ್ದ ಹೊಂದಿಸಬೇಕು. ಇವರು ಹಾಗೇ ಮಾಡಿದರು. ಹಿಂದಿನ ಆಕ್ಸಲ್ ಹೌಸಿಂಗ್ ಸರಿದಿದೆಯೋ ಎಂದು ಎರಡೂ ಪಕ್ಕ ಮುಂದಿನ ಚಕ್ರದ ಹಬ್‌ನಿಂದ ಹಿಂದಿನ ಚಕ್ರದ ಹಬ್‌ಗೆ ಟೇಪ್ ಹಿಡಿದರು, ಸಮ ಇತ್ತು.

ಈಗ ಎರಡು ವರ್ಷದ ಮೇಲಾಯಿತು. ಮುಂದಿನ ಟೈರ್ ಅಂಚಿನಿಂದ ಅಂಚಿಗೆ ಸಮ ಸವೆದಿದೆ. ಕಿಂಗ್‌ಪಿನ್‌ನಲ್ಲಿ ಪ್ಲೇ ಇಲ್ಲ. ನೋಡುವ ರೀತಿ ಹೀಗೆ: ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಪ್ಲೇ ಇದ್ದರೆ ಒಬ್ಬರು ಬ್ರೇಕ್ ತುಳಿಯಲಿ. ಆಗ ಪ್ಲೇ ಹೋದರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್. ಗ್ರೀಸ್ ಹಾಕುವಾಗಲೂ ಚಕ್ರ ಎತ್ತಿಯೇ ಹಾಕಿಸುತ್ತೇನೆ. ಭಾರ ಇದ್ದರೆ ಥ್ರಸ್ಟ್ ಬೇರಿಂಗ್‌ಗೆ (ಕಿಂಗ್‌ಪಿನ್ ಬಳಿ ಗಾಡಿಯ ಭಾರ ಹೊರುವ ಬೇರಿಂಗ್) ಗ್ರೀಸ್ ಸರಿಯಾಗಿ ಇಳಿಯುವುದಿಲ್ಲ. ಟೈ ರಾಡ್ ಎಂಡ್ ಮಾತ್ರ ಒಂದು ಹೋಯಿತು. ರಬ್ಬರ್ ಬೂಟ್ ಸೀಳಿ ಧೂಳು ಹೊಕ್ಕಿತ್ತು. ಅದು ಅಗ್ಗದ್ದು, ಅದರಲ್ಲಿ ಉಳಿಸೋಕೆ ಹೋಗಬೇಡಿ.

ಎಡಕ್ಕೆ ಸ್ವಲ್ಪ ಎಳೆಯುತ್ತದೆ ಅಂತ ಈಗಲೂ ಡ್ರೈವರ್ ಹೇಳುತ್ತಾನೆ. ಮುಂದಿನ ಟೈರ್ ಅದಲು ಬದಲು ಮಾಡಿ ನೋಡಿದೆವು, ಎಳೆತ ಬಲಕ್ಕೆ ಹೋಗಲಿಲ್ಲ, ಹಾಗಾಗಿ ಟೈರ್ ಅಲ್ಲ. ಓಡಿಸಿ ನಿಲ್ಲಿಸಿದಾಗ ಎರಡೂ ಡ್ರಮ್ ಒಂದೇ ಬಿಸಿ, ಹಾಗಾಗಿ ಬ್ರೇಕೂ ಅಲ್ಲ. ನೀರು ಹರಿಯಲಿ ಅಂತ ರಸ್ತೆಯನ್ನೇ ಎಡಕ್ಕೆ ಇಳಿಜಾರು ಮಾಡಿರುತ್ತಾರೆ. ಅಷ್ಟು ಎಳೆತ ಸಹಜ.

ಕೊರತೆ ಇಲ್ಲ ಅಂತಲ್ಲ. ಒಂದೇ ಗಾಡಿ ನಿಲ್ಲುವ ಜಾಗ, ಸೀಸನ್‌ನಲ್ಲಿ ಕಾಯಬೇಕು. ಮಾಡಿದ ಅಳತೆಯನ್ನು ಬರೆದು ಕೊಡುವುದಿಲ್ಲ, ನೀವೇ ಕೇಳಿ ಬರೆದುಕೊಳ್ಳಿ. ಮಜೂರಿ ಬೇರೆ ಕಡೆಗಿಂತ ಜಾಸ್ತಿ, ಬಿಚ್ಚಿ ನೋಡುವ ಕೆಲಸ ಇರುವುದರಿಂದ ನನಗೆ ಅದು ನ್ಯಾಯ ಅನ್ನಿಸಿತು. ಲೋಡು ಇಳಿಸಿ ಖಾಲಿ ಗಾಡಿ ತರೋಕೆ ಹೇಳುತ್ತಾರೆ, ಗಾಳಿ ಆರೂ ಟೈರ್‌ಗೆ ಸರಿ ಇರಲಿ. ಯು ಬೋಲ್ಟ್ ಬಿಚ್ಚಿದ ಕೆಲಸ ಆದರೆ ಒಂದು ಲೋಡು ಓಡಿದ ಮೇಲೆ ಮತ್ತೆ ಕರೆದು ಬಿಗಿ ಮಾಡಿಕೊಡುತ್ತಾರೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.